ಗಣಕದ ಪರದೆಯ ಮೇಲೆ ಕಿಟಕಿಗಳ ವ್ಯವಸ್ಥೆ

ಪರೀಕ್ಷೆಗೆ ಓದುತ್ತಿರುವ ವಿದ್ಯಾರ್ಥಿಯ ಮೇಜನ್ನು ನೋಡಿದರೆ ಮೊದಲು ಕಾಣುವುದು ಅವ್ಯವಸ್ಥೆ. ಎಡಗಡೆ ತೆರೆದಿಟ್ಟ ಪಠ್ಯಪುಸ್ತಕ, ನಡುವೆ ಬರೆಯುವ ಪುಸ್ತಕ, ಬಲಗೈಯ ಬಳಿ ಲಾಗರಿತಮ್ ಕೋಷ್ಟಕ, ಮೂಲೆಯಲ್ಲಿ ಹಳೆಯ ಪ್ರಶ್ನಪತ್ರಿಕೆಗಳ ಕಟ್ಟು, ಅದರ ಮೇಲೊಂದು ಕಾಫಿಯ ಲೋಟ. ಆದರೆ ಅವನು ಕೆಲಸಮಾಡುವ ರೀತಿಯನ್ನು ಸ್ವಲ್ಪ ಹೊತ್ತು ಗಮನಿಸಿದರೆ ನಮ್ಮ ಅಭಿಪ್ರಾಯ ಬದಲಾಗುತ್ತದೆ. ಕೋಷ್ಟಕ ಬೇಕಾದಾಗ ಅವನು ಅದನ್ನು ಹುಡುಕುವುದಿಲ್ಲ. ಕಣ್ಣು ಲೆಕ್ಕದ ಮೇಲಿರುವಂತೆಯೇ ಕೈ ಬಲಕ್ಕೆ ಚಾಚುತ್ತದೆ. ಯಾವ ವಸ್ತು ಎಲ್ಲಿದೆಯೆಂಬುದು ಅವನ ಮನಸ್ಸಿಗಿಂತ ಹೆಚ್ಚಾಗಿ ಅವನ ತೋಳಿಗೆ ಗೊತ್ತು. ಮನೆಯವರು ಯಾರಾದರೂ ಈ ಮೇಜನ್ನು ಚೊಕ್ಕಟವಾಗಿ ಜೋಡಿಸಿಟ್ಟರೆ ಅವನಿಗೆ ಸಂತೋಷಕ್ಕೆ ಬದಲು ಕೋಪ ಬರುವುದು ಇದೇ ಕಾರಣದಿಂದ.

ಇದೇ ವಿದ್ಯಾರ್ಥಿಯು ಗಣಕಯಂತ್ರದ ಮುಂದೆ ಕುಳಿತಾಗ ಅವನಿಗೆ ದೊರೆಯುವ ಮೇಜು ಎಷ್ಟು ದೊಡ್ಡದು? ಲೆಕ್ಕಹಾಕಿ ನೋಡೋಣ. 14 ಅಂಗುಲದ ಪರದೆಯೆಂದರೆ ಕರ್ಣದ ಅಳತೆ 14 ಅಂಗುಲವೆಂದು ಅರ್ಥ. ಅಗಲ ಎತ್ತರಗಳ ಪ್ರಮಾಣ 16:9 ಆಗಿದ್ದಲ್ಲಿ, ಪೈಥಾಗೊರಸನ ಪ್ರಮೇಯದಂತೆ ಅಗಲ ಸುಮಾರು 31 ಸೆಂಟಿಮೀಟರ್, ಎತ್ತರ ಸುಮಾರು 17.4 ಸೆಂಟಿಮೀಟರ್ ಆಗುತ್ತದೆ. ವಿಸ್ತೀರ್ಣ ಸುಮಾರು 540 ಚದರ ಸೆಂಟಿಮೀಟರ್. ಎ-4 ಅಳತೆಯ ಕಾಗದದ ಹಾಳೆ 21 ಸೆಂಟಿಮೀಟರ್ ಅಗಲ, 29.7 ಸೆಂಟಿಮೀಟರ್ ಉದ್ದವಿದ್ದು, ಅದರ ವಿಸ್ತೀರ್ಣ ಸುಮಾರು 624 ಚದರ ಸೆಂಟಿಮೀಟರ್. ಎಂದರೆ, ಇಡೀ ಪರದೆಯು ಒಂದು ಹಾಳೆಗಿಂತಲೂ ಕಿರಿದು! 120 ಸೆಂಟಿಮೀಟರ್ ಉದ್ದ, 60 ಸೆಂಟಿಮೀಟರ್ ಅಗಲವಿರುವ ಸಾಧಾರಣ ಮೇಜಿನಲ್ಲಿ ಇಂತಹ ಹದಿಮೂರು ಪರದೆಗಳು ಹಿಡಿಸುವಷ್ಟು ಸ್ಥಳವಿದೆ. ಒಂದು ಹಾಳೆಗಿಂತ ಕಿರಿದಾದ ಈ ಎಡೆಯಲ್ಲಿ ಹತ್ತು ಹನ್ನೆರಡು ಪುಸ್ತಕಗಳನ್ನು ತೆರೆದಿಟ್ಟು ಕೆಲಸಮಾಡುವುದೆಂತು? ಕಳೆದ ಐವತ್ತು ವರ್ಷಗಳಿಂದ ಗಣಕ ವಿಜ್ಞಾನಿಗಳನ್ನು ಕಾಡುತ್ತಿರುವ ಪ್ರಶ್ನೆಗಳಲ್ಲಿ ಇದೂ ಒಂದು. ಅದು ಇನ್ನೂ ಪೂರ್ಣವಾಗಿ ಬಗೆಹರಿದಿಲ್ಲ.

ಪರದೆಯ ಮೇಲೆ ಒಂದೊಂದು ಕೆಲಸಕ್ಕೂ ಮೀಸಲಾದ ಚೌಕವನ್ನು ಇಂಗ್ಲಿಷಿನಲ್ಲಿ ವಿಂಡೋ ಎನ್ನುವರು. ಇಲ್ಲಿ ನಾವು ಕಿಟಕಿಯೆಂದೇ ಕರೆಯೋಣ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿದ್ದ ಝೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನ ಕೇಂದ್ರದಲ್ಲಿ 1973ರಲ್ಲಿ ಆಲ್ಟೋ ಎಂಬ ಗಣಕವು ಸಿದ್ಧವಾಯಿತು. ಅದರ ಪರದೆಯು ನಿಲ್ಲಿಸಿದ ಕಾಗದದ ಹಾಳೆಯ ಆಕಾರದಲ್ಲಿದ್ದು, ಅಡ್ಡಕ್ಕೆ 606, ಎತ್ತರಕ್ಕೆ 808 ಬಿಂದುಗಳನ್ನು ಹೊಂದಿದ್ದಿತು. ಅಲನ್ ಕೇ ಮತ್ತು ಅವರ ಸಂಗಡಿಗರು ಆ ಕಿರಿಯ ಹಾಳೆಯ ಮೇಲೆ ಹೆಚ್ಚು ಸ್ಥಳವನ್ನು ಗಳಿಸಲು ಒಂದು ಉಪಾಯ ಹೂಡಿದರು. ಮೇಜಿನ ಮೇಲೆ ಕಾಗದಗಳು ಒಂದರ ಮೇಲೊಂದು ಬಿದ್ದಿರುವಂತೆ ಕಿಟಕಿಗಳೂ ಒಂದನ್ನೊಂದು ಮುಚ್ಚಿಕೊಂಡಿರಲಿ. ಬೇಕಾದುದರ ಅಂಚನ್ನು ಮುಟ್ಟಿದರೆ ಅದು ಮೇಲಕ್ಕೆ ಬರಲಿ. ಇಂದು ನಾವೆಲ್ಲರೂ ಬಳಸುವ ಕ್ರಮ ಇದೇ.

ಆದರೆ ಇದೇ ಸಂಸ್ಥೆಯವರು 1981ರಲ್ಲಿ ಸ್ಟಾರ್ ಎಂಬ ಗಣಕವನ್ನು ಮಾರುಕಟ್ಟೆಗೆ ತಂದಾಗ ಆ ಉಪಾಯವನ್ನು ಕೈಬಿಟ್ಟರೆಂಬುದು ಸ್ವಾರಸ್ಯವಾದ ಸಂಗತಿ. ಕಾರಣವೇನೆಂದರೆ, ಒಂದರ ಮೇಲೊಂದು ಬೀಳುವ ಕಿಟಕಿಗಳನ್ನು ಬಳಸುವವರು ಬಹಳ ಕಾಲವನ್ನು ಅವುಗಳನ್ನು ಸರಿಸುವುದರಲ್ಲಿಯೇ ಕಳೆಯುತ್ತಿದ್ದರು, ಅದೂ ಏಕೆ? ಅವು ಒಂದರ ಮೇಲೊಂದು ಬೀಳದಿರಲೆಂದು! ಆದುದರಿಂದ ಸ್ಟಾರ್ ಯಂತ್ರದಲ್ಲಿ ಕಿಟಕಿಗಳನ್ನು ನೆಲಕ್ಕೆ ಹಾಸಿದ ಚಪ್ಪಡಿಗಳಂತೆ ಪಕ್ಕ ಪಕ್ಕದಲ್ಲಿ ಜೋಡಿಸಲಾಗಿತ್ತು. 1985ರಲ್ಲಿ ಬಂದ ಮೈಕ್ರೋಸಾಫ್ಟ್ ವಿಂಡೋಸ್‌ನ ಮೊದಲ ಆವೃತ್ತಿಯೂ ಚಪ್ಪಡಿಯ ಕ್ರಮವನ್ನೇ ಅನುಸರಿಸಿತು. ಹೀಗೆ ಎರಡು ಪಂಥಗಳು ಹುಟ್ಟಿಕೊಂಡವು. ಇವುಗಳಲ್ಲಿ ಯಾವುದು ಮೇಲು ಎಂಬ ವಾದವನ್ನು ಬಾಯಿಮಾತಿಗೆ ಬಿಡದೆ ಸಾರಾ ಬ್ಲೈ ಮತ್ತು ಜ್ಯಾರೆಟ್ ರೋಸನ್‌ಬರ್ಗ್ ಎಂಬ ಇಬ್ಬರು ಸಂಶೋಧಕರು 1986ರಲ್ಲಿ ಪ್ರಯೋಗದಿಂದ ಪರೀಕ್ಷಿಸಿದರು. ಕಿಟಕಿಗಳನ್ನು ಹೆಚ್ಚಾಗಿ ಅಲುಗಾಡಿಸಬೇಕಿಲ್ಲದ ಕೆಲಸಗಳು ಚಪ್ಪಡಿಯ ಕ್ರಮದಲ್ಲಿ ಬೇಗ ಮುಗಿದವು. ಹೆಚ್ಚು ಹೊಂದಾಣಿಕೆ ಬೇಕಾದ ಕೆಲಸಗಳಲ್ಲಿ ರಾಶಿಯ ಕ್ರಮವು ಮುಂದಾಯಿತು, ಆದರೆ ಆ ಕ್ರಮದಲ್ಲಿ ನುರಿತವರಿಗೆ ಮಾತ್ರ. ಇದರಿಂದ ನಮಗೆ ತಿಳಿಯುವುದೇನು? ರಾಶಿಯೋ ಚಪ್ಪಡಿಯೋ ಎಂಬುದು ಮೂಲ ಪ್ರಶ್ನೆಯಲ್ಲ. ಮೂಲ ಪ್ರಶ್ನೆ ಬೇರೊಂದಿದೆ. ಅದನ್ನು ಕಂಡುಹಿಡಿಯುವುದಕ್ಕೆ ಸಹಾಯಮಾಡಿದುದು ಕಿಟಕಿಗಳಿಗೆ ಸಂಬಂಧವೇ ಇಲ್ಲದ ಇನ್ನೊಂದು ಶೋಧ.

ಗಣಕದ ಒಳಗೆ ಎರಡು ಬಗೆಯ ಉಗ್ರಾಣಗಳಿರುತ್ತವೆ. ಒಂದು ಕಿರಿದಾದ, ಆದರೆ ವೇಗವಾದ ಮುಖ್ಯ ಸ್ಮೃತಿ. ಇನ್ನೊಂದು ವಿಶಾಲವಾದ, ಆದರೆ ನಿಧಾನವಾದ ಡಿಸ್ಕು. ಕ್ರಮವಿಧಿಗೆ ಬೇಕಾದ ಮಾಹಿತಿಯನ್ನು ಪುಟಗಳಾಗಿ ವಿಂಗಡಿಸಿ, ಆ ಹೊತ್ತಿಗೆ ಬೇಕಾದ ಪುಟಗಳನ್ನು ಮಾತ್ರ ಮುಖ್ಯ ಸ್ಮೃತಿಯಲ್ಲಿ ಇಡಲಾಗುತ್ತದೆ. ಬೇಕಾದ ಪುಟ ಅಲ್ಲಿ ಸಿಗದಿದ್ದರೆ ಡಿಸ್ಕಿನಿಂದ ತರಬೇಕು. ಇಂತಹ ಪ್ರಸಂಗವನ್ನು ಪುಟಲೋಪವೆನ್ನೋಣ. ಲೋಪಗಳು ಮಿತಿಮೀರಿದರೆ ಯಂತ್ರವು ಪುಟಗಳನ್ನು ತರುವುದರಲ್ಲಿಯೂ ಹಿಂದಕ್ಕೆ ಕಳುಹಿಸುವುದರಲ್ಲಿಯೂ ಮುಳುಗಿಹೋಗಿ, ನಿಜವಾದ ಕೆಲಸ ಒಂದಡಿಯೂ ಮುಂದೆ ಸಾಗುವುದಿಲ್ಲ. 1968ರಲ್ಲಿ ಪೀಟರ್ ಡೆನ್ನಿಂಗ್ ಎಂಬ ಯುವ ವಿಜ್ಞಾನಿಯು ಇದರ ಮರ್ಮವನ್ನು ತೋರಿಸಿಕೊಟ್ಟರು. ಯಾವುದೇ ಕ್ರಮವಿಧಿಯು ಯಾವುದೇ ಅವಧಿಯಲ್ಲಿ ತನ್ನ ಎಲ್ಲ ಪುಟಗಳನ್ನೂ ಸಮನಾಗಿ ಬಳಸುವುದಿಲ್ಲ. ಕೆಲವು ಪುಟಗಳ ಒಂದು ಗುಂಪನ್ನು ಮತ್ತೆ ಮತ್ತೆ ಬಳಸುತ್ತದೆ. ಆಮೇಲೆ ಬೇರೊಂದು ಗುಂಪಿಗೆ ಸಾಗುತ್ತದೆ. ಈ ಗುಂಪಿಗೆ ಅವರು ಇಟ್ಟ ಹೆಸರಿನ ಅರ್ಥ 'ಕಾರ್ಯಗಣ'. ಕಾರ್ಯಗಣವು ಇಡಿಯಾಗಿ ಸ್ಮೃತಿಯಲ್ಲಿದ್ದರೆ ಕೆಲಸ ಸರಾಗ. ಅದರಲ್ಲಿ ಅರ್ಧ ಹೊರಗುಳಿದರೆ ಪರದಾಟ.

ಇದು ಕಠಿಣವಾದ ತತ್ತ್ವವೆಂದು ವಾಚಕರು ಹೆದರಬೇಕಾಗಿಲ್ಲ. ನಮ್ಮ ಅಡಿಗೆಮನೆಗಳಲ್ಲಿ ಇದು ಬಹು ಹಿಂದಿನಿಂದಲೂ ಆಚರಣೆಯಲ್ಲಿದೆ. ಒಗ್ಗರಣೆ ಡಬ್ಬಿಯನ್ನು ನೋಡಿ: ಸಾಸಿವೆ, ಜೀರಿಗೆ, ಮೆಂತ್ಯ, ಉದ್ದಿನಬೇಳೆ, ಅರಿಶಿನ, ಒಣಮೆಣಸಿನಕಾಯಿ, ಎಲ್ಲವೂ ಒಂದೇ ಡಬ್ಬಿಯಲ್ಲಿ. ಬೇಳೆಗಳೆಲ್ಲ ಒಂದೆಡೆ, ಬೀಜಗಳೆಲ್ಲ ಒಂದೆಡೆ ಎಂದು ಜಾತಿವಾರು ವಿಂಗಡಿಸುವುದು ಅಂಗಡಿಯವನ ಕ್ರಮ. ಒಲೆಯ ಮುಂದೆ ನಿಂತವರಿಗೆ ಬೇಕಾದುದು ಕೆಲಸವಾರು ವಿಂಗಡಣೆ. ಎಣ್ಣೆ ಕಾದು ಸಾಸಿವೆ ಸಿಡಿಯುವಾಗ ಇಂಗನ್ನು ಹುಡುಕಲು ಅಟ್ಟ ಹತ್ತುವಂತಿಲ್ಲ.

1986ರಲ್ಲಿ ಆಸ್ಟಿನ್ ಹೆಂಡರ್ಸನ್ ಮತ್ತು ಸ್ಟುವರ್ಟ್ ಕಾರ್ಡ್ ಎಂಬುವರು, ಅದೇ ಪಾಲೋ ಆಲ್ಟೋ ಕೇಂದ್ರದಲ್ಲಿ, ಡೆನ್ನಿಂಗರ ತತ್ತ್ವವನ್ನು ಪರದೆಗೆ ಅನ್ವಯಿಸಿದರು. ಮುಖ್ಯ ಸ್ಮೃತಿಗೆ ಬದಲು ಪರದೆ; ಪುಟಗಳಿಗೆ ಬದಲು ಕಿಟಕಿಗಳು; ಯಂತ್ರಕ್ಕೆ ಬದಲು ಮನುಷ್ಯ. ಬೇಕಾದ ಕಿಟಕಿಯು ಕಣ್ಣೆದುರಿಗೆ ಇಲ್ಲದೆ ಅದನ್ನು ಹುಡುಕಿ ತರಬೇಕಾಗಿ ಬಂದಾಗಲೆಲ್ಲ ಒಂದು 'ಕಿಟಕಿಲೋಪ' ಸಂಭವಿಸಿತೆಂದು ಎಣಿಸಬಹುದು. ಮನುಷ್ಯನೂ ಕಿಟಕಿಗಳನ್ನು ಗುಂಪುಗುಂಪಾಗಿಯೇ ಬಳಸುತ್ತಾನೆ: ಲೆಕ್ಕ ಮಾಡುವಾಗ ಒಂದು ಗುಂಪು, ಪತ್ರ ಬರೆಯುವಾಗ ಇನ್ನೊಂದು. ಹಾಗಿದ್ದಲ್ಲಿ ಒಂದೊಂದು ಗುಂಪಿಗೂ ಒಂದೊಂದು ಪರದೆಯನ್ನೇ ಕೊಟ್ಟುಬಿಟ್ಟರೆ? ನಿಜವಾದ ಪರದೆ ಒಂದೇ ಆದರೂ, ಗಣಕವು ಅನೇಕ ಪರದೆಗಳಿರುವಂತೆ ನಟಿಸಿ, ಬೇಕಾದಾಗ ಬೇಕಾದುದನ್ನು ಮುಂದಿಡಬಲ್ಲುದು. ಅವರು ರಚಿಸಿದ ವ್ಯವಸ್ಥೆಗೆ 'ಕೋಣೆಗಳು' ಎಂಬ ಅರ್ಥದ ಹೆಸರನ್ನಿಟ್ಟರು. ಒಂದು ಕೋಣೆಯಿಂದ ಇನ್ನೊಂದಕ್ಕೆ ಬಾಗಿಲುಗಳಿದ್ದವು. ಒಂದೇ ಕಿಟಕಿಯು ಎರಡು ಕೋಣೆಗಳಲ್ಲಿ ಇರಬಹುದಾಗಿತ್ತು, ಅಷ್ಟೇ ಅಲ್ಲ, ಒಂದರಲ್ಲಿ ದೊಡ್ಡದಾಗಿಯೂ ಇನ್ನೊಂದರಲ್ಲಿ ಚಿಕ್ಕದಾಗಿಯೂ ಇರಬಹುದಾಗಿತ್ತು. ಗಡಿಯಾರದಂತಹವನ್ನು ಜೇಬಿನಲ್ಲಿಟ್ಟುಕೊಂಡಂತೆ ಎಲ್ಲ ಕೋಣೆಗಳಿಗೂ ಒಯ್ಯಬಹುದಾಗಿತ್ತು. ನಲವತ್ತು ವರ್ಷಗಳ ಹಿಂದಿನ ಈ ವ್ಯವಸ್ಥೆಯನ್ನು ಇಂದಿನ ಮೇಜುಗಳೊಡನೆ ಹೋಲಿಸಿದಾಗ, ಕೆಲವು ವಿಷಯಗಳಲ್ಲಿ ನಾವು ಹಿಂದಕ್ಕೇ ಸರಿದಿದ್ದೇವೆ ಎನ್ನಿಸುತ್ತದೆ.

ಇನ್ನು ಲಿನಕ್ಸ್‌ನ ವಿಚಾರಕ್ಕೆ ಬರೋಣ. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್, ಯಾರು ಬೇಕಾದರೂ ಮೂಲವನ್ನು ಓದಿ ತಿದ್ದಬಹುದಾದ ಕಾರ್ಯಾಚರಣ ವ್ಯವಸ್ಥೆಯೆಂಬುದು ವಾಚಕರಿಗೆ ತಿಳಿದೇ ಇದೆ. ಕಿಟಕಿಗಳ ವಿಷಯದಲ್ಲಿ ಅದಕ್ಕೆ ಇನ್ನೊಂದು ವಿಶೇಷವಿದೆ. ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ 1984ರಲ್ಲಿ ಹುಟ್ಟಿದ ಎಕ್ಸ್ ಎಂಬ ಕಿಟಕಿ ವ್ಯವಸ್ಥೆಯನ್ನು ಲಿನಕ್ಸ್ ಬಳಸಿಕೊಂಡಿತು. ಎಕ್ಸ್‌ನ ಕರ್ತೃಗಳು ಒಂದು ನಿಯಮವನ್ನು ಪಾಲಿಸಿದ್ದರು: ಸಾಧನವನ್ನು ಮಾತ್ರ ನಾವು ಒದಗಿಸೋಣ, ನೀತಿಯನ್ನು ವಿಧಿಸುವುದು ಬೇಡ. ಕಿಟಕಿಯನ್ನು ಪರದೆಯ ಮೇಲೆ ಮೂಡಿಸುವುದು ಎಕ್ಸ್‌ನ ಕೆಲಸ. ಅದು ಎಲ್ಲಿರಬೇಕು, ಎಷ್ಟು ದೊಡ್ಡದಿರಬೇಕು, ಯಾವಾಗ ಮೇಲೇಳಬೇಕು ಎಂದು ನಿರ್ಧರಿಸುವುದು ಕಿಟಕಿ ನಿರ್ವಾಹಕನೆಂಬ ಪ್ರತ್ಯೇಕ ತಂತ್ರಾಂಶದ ಕೆಲಸ. ನಿರ್ವಾಹಕ ಹಿಡಿಸದಿದ್ದರೆ ಅವನನ್ನು ಬಿಟ್ಟು ಬೇರೊಬ್ಬನನ್ನು ನೇಮಿಸಿಕೊಳ್ಳಬಹುದು. ಇದರ ಫಲವಾಗಿ ಲಿನಕ್ಸ್ ಲೋಕವು ಕಿಟಕಿ ವ್ಯವಸ್ಥೆಯ ಒಂದು ದೊಡ್ಡ ಪ್ರಯೋಗಶಾಲೆಯೇ ಆಯಿತು. 1993ರ ಎಫ್‌ವಿಡಬ್ಲ್ಯುಎಂ ಮಿಥ್ಯಾಪರದೆಗಳನ್ನು ಜನಪ್ರಿಯಗೊಳಿಸಿತು. 2006ರ ಡಿಡಬ್ಲ್ಯುಎಂ, 2009ರ ಐ-3 ಮುಂತಾದವು ಚಪ್ಪಡಿಯ ಕ್ರಮಕ್ಕೆ ಹೊಸ ಜೀವ ತುಂಬಿದವು. 1996ರಲ್ಲಿ ಕೆಡಿಇ, 1997ರಲ್ಲಿ ಗ್ನೋಮ್ ಎಂಬ ದೊಡ್ಡ ಯೋಜನೆಗಳು ಆರಂಭವಾಗಿ, ಸಾಮಾನ್ಯ ಬಳಕೆದಾರರಿಗೆ ಒಪ್ಪುವ ಸಿದ್ಧಮೇಜುಗಳನ್ನು ಒದಗಿಸಿದವು. ಹೆಂಡರ್ಸನ್ ಮತ್ತು ಕಾರ್ಡ್ ಕೋಣೆಯೆಂದು ಕರೆದುದು ಇವುಗಳಲ್ಲಿ ವರ್ಕ್‌ಸ್ಪೇಸ್ ಎಂಬ ಹೆಸರಿನಿಂದ ಇದೆ. ನಾವು ಕಾರ್ಯಸ್ಥಳವೆನ್ನೋಣ.

ಸಾಧನವೇನೋ ಎಲ್ಲರ ಕೈಯಲ್ಲಿದೆ. ಆದರೆ ಅದರ ಪೂರ್ಣ ಪ್ರಯೋಜನ ದೊರೆಯುತ್ತಿದೆಯೆ? ನಮಗೆ ತೋರುವ ಮಟ್ಟಿಗೆ, ಕೊರತೆಯಿರುವುದು ಸ್ಥಳದಲ್ಲಲ್ಲ. ಕಾರ್ಯಸ್ಥಳಗಳನ್ನು ಎಷ್ಟು ಬೇಕಾದರೂ ಹೆಚ್ಚಿಸಬಹುದು. ಕೊರತೆಯಿರುವುದು ನೆನಪಿನಲ್ಲಿ; ಗಣಕದ ನೆನಪಿನಲ್ಲಲ್ಲ, ಕುಳಿತವನ ನೆನಪಿನಲ್ಲಿ. ಮನುಷ್ಯನು ಒಮ್ಮೆಗೆ ಮನಸ್ಸಿನಲ್ಲಿ ಹಿಡಿದಿಡಬಲ್ಲ ಸಂಗತಿಗಳು ಬಹು ಕೆಲವು. ಆ ಕೆಲವು ಎಡೆಗಳು ಎದುರಿಗಿರುವ ಸಮಸ್ಯೆಗೆ ಮೀಸಲಾಗಿರಬೇಕು. 'ಆ ಕಿಟಕಿ ಎಲ್ಲಿ ಹೋಯಿತು' ಎಂಬ ವಿಚಾರವು ಅವುಗಳಲ್ಲಿ ಒಂದನ್ನು ಆಕ್ರಮಿಸಿದೊಡನೆಯೇ ಲೆಕ್ಕದ ಎಳೆಯೊಂದು ಕೈತಪ್ಪುತ್ತದೆ. ಹುಡುಕುವುದಕ್ಕೆ ತಗುಲುವ ಮೂರು ಸೆಕೆಂಡುಗಳ ನಷ್ಟ ದೊಡ್ಡದಲ್ಲ. ಕೈತಪ್ಪಿದ ಎಳೆಯನ್ನು ಮತ್ತೆ ಹಿಡಿಯುವುದಕ್ಕೆ ತಗುಲುವ ಕಾಲವೇ ದೊಡ್ಡದು. ಇದಕ್ಕೆ ವಿರುದ್ಧವಾಗಿ, ಸ್ಥಾನದ ನೆನಪು ನಮಗೆ ಶ್ರಮವಿಲ್ಲದೆ ಬರುತ್ತದೆ. ಮೊದಲು ನೋಡಿದ ವಿದ್ಯಾರ್ಥಿಯ ತೋಳಿಗೆ ಕೋಷ್ಟಕದ ಜಾಗ ತಿಳಿದಿದ್ದಿತಷ್ಟೆ. ಆದುದರಿಂದ ಒಳ್ಳೆಯ ಮೇಜಿನ ಮೊದಲ ಲಕ್ಷಣ, ಇಟ್ಟ ವಸ್ತು ಇಟ್ಟಲ್ಲಿಯೇ ಇರುವುದು.

ಈ ಒರೆಗಲ್ಲಿಗೆ ಇಂದಿನ ಕೆಲವು ಏರ್ಪಾಡುಗಳನ್ನು ಉಜ್ಜಿ ನೋಡೋಣ. 2011ರಲ್ಲಿ ಗ್ನೋಮ್‌ನ ಮೂರನೆಯ ಆವೃತ್ತಿಯು ಕಾರ್ಯಸ್ಥಳಗಳನ್ನು ತಾನೇ ಹುಟ್ಟಿಸುವ, ತಾನೇ ಅಳಿಸುವ ಕ್ರಮವನ್ನು ತಂದಿತು. ಕೊನೆಯಲ್ಲಿ ಯಾವಾಗಲೂ ಒಂದು ಖಾಲಿ ಕಾರ್ಯಸ್ಥಳವಿರುತ್ತದೆ. ನಡುವಿನ ಒಂದು ಖಾಲಿಯಾದರೆ ಅದು ಮಾಯವಾಗುತ್ತದೆ. ಸ್ಥಳವನ್ನು ಮುಂಚಿತವಾಗಿ ಏರ್ಪಡಿಸುವ ತೊಂದರೆ ಇದರಿಂದ ತಪ್ಪಿತು, ನಿಜ. ಆದರೆ ಎರಡನೆಯ ಕಾರ್ಯಸ್ಥಳದ ಕೊನೆಯ ಕಿಟಕಿಯನ್ನು ಮುಚ್ಚಿದಾಗ ಮೂರನೆಯದು ಎರಡನೆಯದಾಗುತ್ತದೆ, ನಾಲ್ಕನೆಯದು ಮೂರನೆಯದಾಗುತ್ತದೆ. ಬೀದಿಯಲ್ಲಿ ಒಂದು ಮನೆಯವರು ಊರಿಗೆ ಹೋದೊಡನೆ ಮುಂದಿನ ಮನೆಗಳ ಸಂಖ್ಯೆಗಳನ್ನೆಲ್ಲ ಬದಲಾಯಿಸಿದರೆ ಅಂಚೆಯವನ ಗತಿ ಏನಾದೀತು? ಗ್ನೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಮಲ್ಟಿಟಾಸ್ಕಿಂಗ್ ಎಂಬ ಪುಟವಿದ್ದು, ಅಲ್ಲಿ ಕಾರ್ಯಸ್ಥಳಗಳ ಸಂಖ್ಯೆಯನ್ನು ಸ್ಥಿರಗೊಳಿಸಬಹುದು. ವಿದ್ಯಾರ್ಥಿಗಳಿಗೆ ನಾಲ್ಕು ಸಾಕೆಂದು ನಮ್ಮ ಅಭಿಪ್ರಾಯ: ಓದಿಗೆ ಒಂದು, ಬರವಣಿಗೆಗೆ ಒಂದು, ಪತ್ರವ್ಯವಹಾರಕ್ಕೆ ಒಂದು, ಉಳಿದೆಲ್ಲ ಚಿಲ್ಲರೆಗೆ ಒಂದು. ನಾಲ್ಕನೆಯದು ಇಲ್ಲದಿದ್ದರೆ ಚಿಲ್ಲರೆಯು ಮಿಕ್ಕ ಮೂರಕ್ಕೂ ಹರಡಿಕೊಳ್ಳುತ್ತದೆ.

ಆಲ್ಟ್ ಮತ್ತು ಟ್ಯಾಬ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಕಿಟಕಿಯಿಂದ ಕಿಟಕಿಗೆ ಹೋಗುವ ಅಭ್ಯಾಸ ಎಲ್ಲರಿಗೂ ಉಂಟು. ಇಲ್ಲಿ ಕಿಟಕಿಗಳು ಈಚೆಗೆ ಬಳಸಿದುದು ಮೊದಲು ಎಂಬ ಸರತಿಯಲ್ಲಿ ನಿಂತಿರುತ್ತವೆ. ಸ್ಮೃತಿಯಲ್ಲಿ ಪುಟಗಳನ್ನು ಉಳಿಸಿಕೊಳ್ಳುವುದಕ್ಕೆ ಯಂತ್ರಗಳು ಅನುಸರಿಸುವ ನಿಯಮವೂ ಬಹುಮಟ್ಟಿಗೆ ಇದೇ. ಎರಡು ಕಿಟಕಿಗಳ ನಡುವೆ ಓಡಾಡುವವರೆಗೆ ಇದಕ್ಕೆ ಸಾಟಿಯಿಲ್ಲ. ಆದರೆ ಕಿಟಕಿಗಳು ಹನ್ನೆರಡಾದರೆ? ಸರತಿಯು ಪ್ರತಿಯೊಂದು ಸಲವೂ ಬದಲಾಗುವುದರಿಂದ, ಐದನೆಯ ಸ್ಥಾನದಲ್ಲಿ ಯಾವುದಿದೆಯೆಂದು ಯಾವ ಬೆರಳಿಗೂ ಕಲಿಸಲಾಗದು. ಪ್ರತಿ ಸಲವೂ ಚಿತ್ರಗಳನ್ನು ಕಣ್ಣಿನಿಂದ ಓದಿಕೊಳ್ಳಬೇಕು. ಐ-3ರಂತಹ ನಿರ್ವಾಹಕಗಳಲ್ಲಿ ಸೂಪರ್ ಅಥವಾ ಆಲ್ಟ್ ಕೀಲಿಯೊಡನೆ 3ನ್ನು ಒತ್ತಿದರೆ ಯಾವಾಗಲೂ ಮೂರನೆಯ ಕಾರ್ಯಸ್ಥಳವೇ ಬರುತ್ತದೆ. ಒಂದು ವಾರ ಕಳೆಯುವಷ್ಟರಲ್ಲಿ ಇದು ಟೈಪುಮಾಡುವವರ ಬೆರಳುಗಳಿಗೆ ಅಕ್ಷರಗಳು ಒಗ್ಗಿದಂತೆ ಒಗ್ಗಿಬಿಡುತ್ತದೆ. ಗ್ನೋಮ್, ಕೆಡಿಇಗಳಲ್ಲಿಯೂ ಇಂತಹ ಕೀಲಿಗಳನ್ನು ನಾವೇ ಗೊತ್ತುಮಾಡಿಕೊಳ್ಳಬಹುದು.

ಒಂದೇ ಕಿಟಕಿ ಎರಡು ಕೋಣೆಗಳಲ್ಲಿ ಬೇಕಾಗುವ ಪ್ರಸಂಗವು ಅಪರೂಪವಲ್ಲ. ಶಬ್ದಕೋಶವು ಓದಿಗೂ ಬೇಕು, ಬರವಣಿಗೆಗೂ ಬೇಕು. ಇದನ್ನು ಡಿಡಬ್ಲ್ಯುಎಂ ಸುಂದರವಾಗಿ ಬಿಡಿಸಿತು. ಅದರ ಮೂಲವು 2000 ಸಾಲುಗಳನ್ನು ಮೀರಬಾರದೆಂದು ಕರ್ತೃಗಳು ಸಂಕಲ್ಪಿಸಿದ್ದರಂತೆ. ಆ ಕಿರಿದಾದ ಬರಹದಲ್ಲಿ ಕೋಣೆಗಳ ಕಲ್ಪನೆಗೆ ಬದಲು ಚೀಟಿಗಳ ಕಲ್ಪನೆಯಿದೆ. ಕಿಟಕಿಗೆ 1 ಮತ್ತು 2 ಎಂಬ ಎರಡು ಚೀಟಿಗಳನ್ನು ಅಂಟಿಸಿದರೆ ಅದು ಎರಡೂ ಕಡೆ ಕಾಣುತ್ತದೆ. ಕೆಡಿಇ ಪ್ಲಾಸ್ಮಾ ಕೂಡ ಹೊಸ ವೇಲ್ಯಾಂಡ್ ವ್ಯವಸ್ಥೆಯ ಮೇಲೆ ನಡೆಯುವಾಗ ಕಿಟಕಿಯನ್ನು ನಮಗೆ ಬೇಕಾದ ಹಲವು ಕಾರ್ಯಸ್ಥಳಗಳಲ್ಲಿ ಇರಿಸಲು ಅವಕಾಶ ಕೊಡುತ್ತದೆ. ಆದರೆ ಓದಿನ ಕೋಣೆಯಲ್ಲಿ ಮೂಲೆಯಲ್ಲಿ ಚಿಕ್ಕದಾಗಿಯೂ, ಬರವಣಿಗೆಯ ಕೋಣೆಯಲ್ಲಿ ಅರ್ಧ ಪರದೆಯಷ್ಟು ದೊಡ್ಡದಾಗಿಯೂ ಅದೇ ಕಿಟಕಿ ನಿಲ್ಲುವ ಸೌಕರ್ಯ, 1986ರಲ್ಲಿಯೇ ತೋರಿಸಿಕೊಟ್ಟ ಸೌಕರ್ಯ, ಸಾಮಾನ್ಯ ಮೇಜುಗಳಲ್ಲಿ ಇಂದಿಗೂ ಅಪರೂಪ. ಇದನ್ನು ಸೇರಿಸುವುದು ಒಂದು ಒಳ್ಳೆಯ ಕೆಲಸವಾದೀತು.

ವೇಲ್ಯಾಂಡ್‌ನ ಹೆಸರು ಬಂದುದರಿಂದ ಅದರ ವಿಷಯ ಒಂದೆರಡು ಮಾತು. ಎಕ್ಸ್‌ನ ಸ್ಥಾನವನ್ನು ತುಂಬಲು 2008ರಲ್ಲಿ ಕ್ರಿಸ್ಟಿಯನ್ ಹೊಯ್ಸ್‌ಬರ್ಗ್ ಆರಂಭಿಸಿದ ವೇಲ್ಯಾಂಡ್‌ನಲ್ಲಿ, ಪರದೆಯನ್ನು ಮೂಡಿಸುವವನೂ ಕಿಟಕಿಗಳನ್ನು ನಿರ್ವಹಿಸುವವನೂ ಒಬ್ಬನೇ. ಎಕ್ಸ್‌ನಲ್ಲಿ ಪ್ರತಿಯೊಂದು ತಂತ್ರಾಂಶವೂ ತನ್ನ ಕಿಟಕಿ ಎಲ್ಲಿದೆಯೆಂದು ಕೇಳಿ ತಿಳಿದು, ಮರುದಿನ ಅಲ್ಲಿಯೇ ತೆರೆಯೆಂದು ಕೋರಬಹುದಾಗಿತ್ತು; ಜೊತೆಗೆ, ನೆರೆಯ ಕಿಟಕಿಗಳೊಳಗೆ ಇಣಿಕಿಯೂ ನೋಡಬಹುದಾಗಿತ್ತು! ವೇಲ್ಯಾಂಡ್ ಈ ಇಣುಕಾಟವನ್ನು ನಿಲ್ಲಿಸಿತು. ಸಾಮಾನ್ಯ ಕಿಟಕಿಗೆ ತಾನು ಪರದೆಯ ಯಾವ ಭಾಗದಲ್ಲಿದ್ದೇನೆಂಬುದೇ ತಿಳಿಯದು. ಭದ್ರತೆಯ ದೃಷ್ಟಿಯಿಂದ ಇದು ಸರಿ. ಆದರೆ ತಂತ್ರಾಂಶವು ತನ್ನ ಸ್ಥಾನವನ್ನು ತಾನು ನೆನಪಿಡಲಾರದೆಂದ ಮೇಲೆ ಆ ಹೊಣೆಯು ನಿರ್ವಾಹಕನ ಮೇಲೆ ಬೀಳುತ್ತದೆ. ಗಣಕವನ್ನು ಆರಿಸಿ ಮತ್ತೆ ಹೊತ್ತಿಸಿದಾಗ ನಾಲ್ಕೂ ಕೋಣೆಗಳು ನಿನ್ನೆಯಿದ್ದಂತೆಯೇ, ಅದೇ ಕಿಟಕಿಗಳೊಡನೆ, ಅದೇ ಗಾತ್ರದಲ್ಲಿ ಬಂದು ನಿಲ್ಲಬೇಕು. ಮೇಜನ್ನು ದಿನವೂ ಬೆಳಿಗ್ಗೆ ಮೊದಲಿನಿಂದ ಜೋಡಿಸಿಕೊಳ್ಳುವವನು ಎಷ್ಟು ಒಳ್ಳೆಯ ಮೇಜನ್ನು ತಾನೇ ಕಟ್ಟಿಕೊಂಡಾನು? ಕೆಡಿಇಯಲ್ಲಿ ಕಿಟಕಿನಿಯಮಗಳೆಂಬ ಸೌಕರ್ಯವಿದ್ದು, ಇಂಥ ತಂತ್ರಾಂಶದ ಕಿಟಕಿ ಇಂಥ ಕಾರ್ಯಸ್ಥಳದಲ್ಲಿ ಇಂಥ ಗಾತ್ರದಲ್ಲಿ ತೆರೆಯಲೆಂದು ಬರೆದಿಡಬಹುದು. ಐ-3ರಲ್ಲಿಯೂ ಇದು ಸಾಧ್ಯ. ಆದರೆ ನಿಯಮ ಬರೆಯುವ ಕಷ್ಟವನ್ನು ವಹಿಸುವವರು ನೂರಕ್ಕೆ ಎಷ್ಟು ಮಂದಿ? ನಾವು ಕೈಯಿಂದ ಎರಡು ಮೂರು ಬಾರಿ ಒಂದೇ ಕಡೆ ಸರಿಸಿದ ಕಿಟಕಿಯನ್ನು ನಿರ್ವಾಹಕನು ತಾನಾಗಿ ಗಮನಿಸಿ, ಮುಂದಿನ ಬಾರಿ ಅಲ್ಲಿಯೇ ತೆರೆಯುವಂತಾಗಬೇಕು.

ಇಟ್ಟ ವಸ್ತು ಇಟ್ಟಲ್ಲಿ ಇರಬೇಕೆಂಬ ನಿಯಮಕ್ಕೆ ಚಪ್ಪಡಿಯ ಕ್ರಮವೂ ಒಂದು ರೀತಿಯಲ್ಲಿ ತಪ್ಪುತ್ತದೆ. ಎರಡು ಕಿಟಕಿಗಳು ಅರ್ಧರ್ಧ ಹಂಚಿಕೊಂಡಿರುವಾಗ ಮೂರನೆಯದು ಬಂದರೆ ಮೊದಲಿನವೆರಡೂ ಕುಗ್ಗುತ್ತವೆ. ಓದುತ್ತಿದ್ದ ಸಾಲು ಮುರಿದು ಬೇರೆ ಕಡೆಗೆ ಹೋಗುತ್ತದೆ. ಬಸ್ಸಿನ ಆಸನದಲ್ಲಿ ಇಬ್ಬರು ಕುಳಿತಿರುವಾಗ ಮೂರನೆಯವರು 'ಸ್ವಲ್ಪ ಸರಿಯಿರಿ' ಎಂದಂತೆ! ಪೇಪರ್‌ಡಬ್ಲ್ಯುಎಂ, ನಿರಿ ಎಂಬ ಈಚಿನ ನಿರ್ವಾಹಕಗಳು ಇದಕ್ಕೆ ಒಂದು ಪರಿಹಾರ ಹುಡುಕಿವೆ. ಅವುಗಳಲ್ಲಿ ಕಿಟಕಿಗಳು ಬಲಕ್ಕೆ ಉದ್ದವಾಗಿ ಹಾಸಿದ ಪಟ್ಟಿಯ ಮೇಲೆ ಸಾಲಾಗಿ ನಿಲ್ಲುತ್ತವೆ, ಪರದೆಯು ಆ ಪಟ್ಟಿಯ ಮೇಲೆ ಸರಿಯುವ ಚೌಕಟ್ಟು ಮಾತ್ರ. ಹೊಸ ಕಿಟಕಿ ಬಂದರೆ ಪಟ್ಟಿ ಉದ್ದವಾಗುತ್ತದೆಯೇ ಹೊರತು ಹಳೆಯ ಕಿಟಕಿಗಳ ಗಾತ್ರ ಬದಲಾಗುವುದಿಲ್ಲ. ಗ್ನೋಮ್‌ನ ವಿನ್ಯಾಸಕರು 2023ರಲ್ಲಿ ಮುಂದಿಟ್ಟ ಇನ್ನೊಂದು ಸಲಹೆಯೂ ವಿಚಾರಾರ್ಹ. ಲೆಕ್ಕಯಂತ್ರದ ಕಿಟಕಿಗೆ ಅರ್ಧ ಪರದೆ ಏತಕ್ಕೆ? ಪ್ರತಿಯೊಂದು ಕಿಟಕಿಯೂ ತನಗೆ ಬೇಕಾದ ಗಾತ್ರವೆಷ್ಟೆಂದು ನಿರ್ವಾಹಕನಿಗೆ ತಿಳಿಸಲಿ. ಅವನು ಅವುಗಳನ್ನು ಒಂದನ್ನೊಂದು ಮುಚ್ಚದಂತೆ ಹೊಂದಿಸಲಿ. ಹಿಡಿಸದೆಹೋದ ಕಿಟಕಿಗೆ ಬೇರೊಂದು ಕಾರ್ಯಸ್ಥಳವನ್ನು ಕೊಡಲಿ ಎಂಬುದು ಅದರ ಸಾರ. ರಾಶಿಯ ಕ್ರಮದ ಸ್ವಾಭಾವಿಕ ಗಾತ್ರವೂ ಚಪ್ಪಡಿಯ ಕ್ರಮದ ಅಚ್ಚುಕಟ್ಟೂ ಇದರಲ್ಲಿ ಸೇರಿವೆ. ಆದರೆ ಮೇಲೆ ಹೇಳಿದ ಒರೆಗಲ್ಲನ್ನು ಇಲ್ಲಿಯೂ ಮರೆಯಲಾಗದು. ನಿರ್ವಾಹಕನು ಹೊಂದಿಸುವ ಉತ್ಸಾಹದಲ್ಲಿ ಕಿಟಕಿಗಳನ್ನು ಕ್ಷಣಕ್ಷಣಕ್ಕೂ ಸರಿಸತೊಡಗಿದರೆ, ಅವನೂ ಮೇಜನ್ನು ಚೊಕ್ಕಟಮಾಡುವ ಮನೆಯವರ ಸಾಲಿಗೆ ಸೇರಿದಂತಾಯಿತು.

ಕೇಳದೆಯೇ ಮೇಲೆದ್ದು ಬಂದು, ನಾವು ಟೈಪುಮಾಡುತ್ತಿದ್ದ ಅಕ್ಷರಗಳನ್ನು ನುಂಗುವ ಕಿಟಕಿಗಳ ವಿಷಯವನ್ನು ಹೆಚ್ಚು ಹೇಳಬೇಕಾಗಿಲ್ಲ. ವೇಲ್ಯಾಂಡ್‌ನಲ್ಲಿ ಕಿಟಕಿಯೊಂದು ಮುಂದೆ ಬರಬೇಕಾದರೆ, ಬಳಕೆದಾರನ ಕ್ರಿಯೆಯಿಂದಲೇ ಅದಕ್ಕೆ ಕರೆ ಹೋಯಿತೆಂಬುದಕ್ಕೆ ಗುರುತಿನ ಚೀಟಿಯನ್ನು ತೋರಿಸುವ ಏರ್ಪಾಡು ಬಂದಿದೆ. ಒಳ್ಳೆಯ ಏರ್ಪಾಡು.

ಕಿಟಕಿಯನ್ನು ಸರಿಸುವ, ಹಿಗ್ಗಿಸುವ ಶ್ರಮಕ್ಕೂ ಒಂದು ಲೆಕ್ಕವಿದೆ. ಪಾಲ್ ಫಿಟ್ಸ್ ಎಂಬ ಅಮೆರಿಕದ ಮನೋವಿಜ್ಞಾನಿಯು 1954ರಲ್ಲಿ ಕಂಡುಹಿಡಿದ ನಿಯಮದಂತೆ, ಗುರಿಯೊಂದನ್ನು ಕೈಯಿಂದ ತಲುಪುವ ಕಷ್ಟವು ದೂರದೊಡನೆ ಹೆಚ್ಚುತ್ತದೆ, ಗುರಿಯ ಅಗಲದೊಡನೆ ಕಡಿಮೆಯಾಗುತ್ತದೆ. ದೂರದ ಎರಡರಷ್ಟನ್ನು ಗುರಿಯ ಅಗಲದಿಂದ ಭಾಗಿಸಿ, ಬಂದ ಸಂಖ್ಯೆಗೆ 2ರ ಆಧಾರದ ಲಾಗರಿತಮ್ಮನ್ನು ತೆಗೆದುಕೊಂಡರೆ ಕಷ್ಟದ ಅಳತೆ ದೊರೆಯುತ್ತದೆ. ಮೌಸಿನ ಬಾಣವು 800 ಬಿಂದುಗಳ ದೂರದಲ್ಲಿದೆ, ಕಿಟಕಿಯ ಅಂಚು 8 ಬಿಂದುಗಳಷ್ಟು ದಪ್ಪವಾಗಿದೆ ಎಂದಿಟ್ಟುಕೊಳ್ಳೋಣ. 1600ನ್ನು 8ರಿಂದ ಭಾಗಿಸಿದರೆ 200. ಅದರ ಲಾಗರಿತಮ್ ಸುಮಾರು 7.6. ಅಂಚಿಗೆ ಬದಲಾಗಿ 600 ಬಿಂದುಗಳಷ್ಟು ಅಗಲವಾದ ಇಡೀ ಕಿಟಕಿಯೇ ಗುರಿಯಾದರೆ ಅದು ಸುಮಾರು 1.4 ಮಾತ್ರ. ಲಿನಕ್ಸ್ ಮೇಜುಗಳಲ್ಲಿ ಈ ಲಾಭವು ಈಗಾಗಲೇ ಅಡಗಿ ಕುಳಿತಿದೆ: ಸೂಪರ್ ಕೀಲಿಯನ್ನು ಒತ್ತಿಹಿಡಿದು ಕಿಟಕಿಯ ಯಾವ ಭಾಗವನ್ನು ಹಿಡಿದೆಳೆದರೂ ಕಿಟಕಿ ಸರಿಯುತ್ತದೆ, ಕೆಡಿಇಯಲ್ಲಿ ಮೌಸಿನ ಬಲಗುಂಡಿಯಿಂದ ಹೀಗೆಯೇ ಎಳೆದರೆ ಗಾತ್ರ ಬದಲಾಗುತ್ತದೆ. ವರ್ಷಗಟ್ಟಲೆ ಲಿನಕ್ಸ್ ಬಳಸಿದವರಲ್ಲಿಯೂ ಅನೇಕರು ಇದನ್ನರಿಯದೆ ಅಂಚನ್ನು ಹಿಡಿಯಲು ತಿಣುಕುತ್ತಾರೆ. ಹೇಳಿಕೊಡುವವರಿಲ್ಲದ ಸೌಕರ್ಯವಿದ್ದೂ ಇಲ್ಲದಂತೆ.

ಕನ್ನಡಿಗರಾದ ನಮಗೆ ವಿಶೇಷವಾಗಿ ಸಂಬಂಧಿಸಿದ ಒಂದು ಲೋಪವಿದೆ. ಕಗಪ ಕೀಲಿವಿನ್ಯಾಸದಿಂದ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿರುವವರು, ಹುಡುಕುವ ಪೆಟ್ಟಿಗೆಗೆ ಇಂಗ್ಲಿಷಿನ ಪದವೊಂದನ್ನು ತುಂಬಲು ಹೋದಾಗ ಅಲ್ಲಿಯೂ ಕನ್ನಡದ ಅಕ್ಷರಗಳೇ ಮೂಡುತ್ತವೆ. ಅಳಿಸಿ, ಭಾಷೆ ಬದಲಿಸಿ, ಮತ್ತೆ ಬರೆದು, ಹಿಂದಿರುಗಿದ ಮೇಲೆ ಇನ್ನೊಮ್ಮೆ ಬದಲಿಸಬೇಕು. ಒಂದೇ ಭಾಷೆಯಲ್ಲಿ ಕೆಲಸಮಾಡುವವರಿಗೆ ಈ ಕಷ್ಟದ ಕಲ್ಪನೆಯೂ ಇರಲಾರದು. ಗ್ನೋಮ್‌ನ ಕೀಲಿಮಣೆಯ ಸೆಟ್ಟಿಂಗ್ಸ್‌ನಲ್ಲಿ ಒಂದೊಂದು ಕಿಟಕಿಗೂ ಬೇರೆ ಬೇರೆ ಭಾಷೆಯನ್ನು ನೆನಪಿಡುವಂತೆ ಹೇಳಬಹುದು. ಕೆಡಿಇಯಲ್ಲಿ ಕಿಟಕಿಗೆ ಮಾತ್ರವಲ್ಲದೆ ಇಡೀ ಕಾರ್ಯಸ್ಥಳಕ್ಕೆ ಒಂದು ಭಾಷೆಯನ್ನು ಗೊತ್ತುಪಡಿಸಲು ಅವಕಾಶವಿದೆ. ಕೋಣೆಗಳ ಕಲ್ಪನೆಗೆ ಇದಕ್ಕಿಂತ ಸಹಜವಾದ ವಿಸ್ತರಣೆ ಇರಲಾರದು: ಬರವಣಿಗೆಯ ಕೋಣೆಗೆ ಕಾಲಿಟ್ಟೊಡನೆ ಕೀಲಿಮಣೆ ಕನ್ನಡವಾಡುತ್ತದೆ.

ಈ ವಿಚಾರಗಳಲ್ಲಿ ಯಾವುದು ತಮಗೆ ಸಲ್ಲುವುದೆಂದು ವಾಚಕರು ಸ್ವತಃ ಅಳೆದು ನೋಡಬಹುದು. ಪ್ರಯೋಗ ಸುಲಭವಾದುದು. ನಿತ್ಯದ ಕೆಲಸವೊಂದನ್ನು ಆರಿಸಿಕೊಂಡು ಅರ್ಧ ಗಂಟೆ ಗಡಿಯಾರವಿಟ್ಟು ಮಾಡಬೇಕು. ಬೇಕಾದ ಕಿಟಕಿಯು ಕಣ್ಣೆದುರಿಗಿಲ್ಲದೆ ತರಬೇಕಾದಾಗಲೆಲ್ಲ ಒಂದು ಗೆರೆ ಎಳೆಯಬೇಕು; ಅದನ್ನು ಹುಡುಕಬೇಕಾಗಿ ಬಂದರೆ, ಎಂದರೆ ಮೊದಲ ಪ್ರಯತ್ನದಲ್ಲಿ ಬೇರೊಂದು ಕಿಟಕಿ ಬಂದರೆ, ಆ ಗೆರೆಗೆ ಅಡ್ಡಗೆರೆ ಹಾಕಬೇಕು. ಮೊದಲ ಬಗೆಯ ಲೋಪ ಪರದೆಯ ಕಿರಿತನದಿಂದ ಬಂದುದು. ಎರಡನೆಯ ಬಗೆಯದು ವ್ಯವಸ್ಥೆಯ ದೋಷದಿಂದ ಬಂದುದು. ಹೀಗೆ ಮೂರು ದಿನ ಎಣಿಸಿದ ಮೇಲೆ ಕಾರ್ಯಸ್ಥಳಗಳನ್ನು ಸ್ಥಿರಗೊಳಿಸಿ, ಅವುಗಳಿಗೆ ಕೀಲಿಗಳನ್ನು ಗೊತ್ತುಮಾಡಿ, ಒಂದು ವಾರ ಬೆರಳುಗಳಿಗೆ ಅಭ್ಯಾಸವಾಗಲು ಬಿಟ್ಟು, ಅದೇ ಬಗೆಯ ಕೆಲಸದಲ್ಲಿ ಮತ್ತೆ ಮೂರು ದಿನ ಎಣಿಸಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ. ಇಲ್ಲವಾದರೆ ಯಾವುದರಿಂದ ಏನಾಯಿತೆಂಬುದು ತಿಳಿಯದು. ಗೆರೆಗಳು ಕಡಿಮೆಯಾಗದೆ ಅಡ್ಡಗೆರೆಗಳು ಮಾತ್ರ ಕಡಿಮೆಯಾದರೆ, ಬೇಕಾದುದು ಇನ್ನೊಂದು ಪರದೆಯೆಂದು ತಿಳಿಯಬಹುದು. ಗೆರೆಗಳನ್ನು ಎಳೆಯುವುದಕ್ಕೆ ಪಕ್ಕದಲ್ಲಿ ಒಂದು ಕಾಗದ ಪೆನ್ಸಿಲ್ ಇಟ್ಟುಕೊಳ್ಳಬೇಕು. ಅದಕ್ಕಾಗಿ ಪರದೆಯ ಮೇಲೆ ಹೊಸದೊಂದು ಕಿಟಕಿಯನ್ನು ತೆರೆದರೆ ಎಣಿಕೆಯೇ ಕೆಡುತ್ತದೆ.